ಅರ್ಥ ಇಲ್ಲದ ಗಾಡಿ

ದತ್ತಾತ್ರಿಗೆ ತನ್ನ ಬಗ್ಗೆ ದೊಡ್ಡ ಭ್ರಮೆಗಳಿರಲಿಲ್ಲ. ಅಜ್ಜ ದೇವರ ಮುಂದೆ ದೀಪ ಹಚ್ಚಿದವರು, ಅಪ್ಪ ಶಾಲೆಯಲ್ಲಿ ಜ್ಞಾನದ ದೀಪ ಹಚ್ಚಿದವರು, ತಾನು ಗದಗಿನ ಮೌಲಾಸಾಬರ ಗ್ಯಾರೇಜಿನಲ್ಲಿ ಕಾರುಗಳ ದೀಪ ಹಚ್ಚುವವನು. ವಂಶದ ಕಸುಬು ಬಿಟ್ಟಿಲ್ಲ ಎಂದು ಒಬ್ಬನೇ ನಗುತ್ತಿದ್ದ. ಬೆಟಗೇರಿಯ ಬಾಡಿಗೆ ಖೋಲಿಯಲ್ಲಿ ಜೊತೆಗೆ ನಗಲು ಯಾರಿದ್ದರು? ಎಷ್ಟೋ ರವಿವಾರ, ಖಾನಾವಳಿಯಲ್ಲಿ 'ಇನ್ನೊಂದು ರೊಟ್ಟಿ' ಎಂದದ್ದೇ ಅವನ ಇಡೀ ದಿನದ ಮಾತು.

ಎಪ್ಪತ್ತೆಂಟರ ಬೇಸಿಗೆಯಲ್ಲಿ ತಾಯಿಯ ತಂಗಿ ತುಳಸಾಬಾಯಿ ಮೌಶಿ ಮುಳಗುಂದದಲ್ಲೊಂದು ಕನ್ಯೆ ಹುಡುಕಿದಳು. ಮೌಲಾಸಾಬರು ಆಗಷ್ಟೇ ಬಣ್ಣ ಹೊಡೆಸಿದ ತಮ್ಮ ಹಳೇ ಅಂಬಾಸಿಡರ್ ಕೊಟ್ಟರು. "ತಗೊಂಡ ಹೋಗಲೇ ದತ್ತ್ಯಾ. ಮಾರಿ ನೋಡಿ ಒಲ್ಲೆ ಅಂದ್ರೂ ಗಾಡಿ ನೋಡಿ ಹೂಂ ಅಂತಾರ."

ದಾರಿಯಲ್ಲಿ ಮೌಶಿಯ ಪಾಠ. "ಗ್ಯಾರೇಜ ಅನಬ್ಯಾಡ. ಇಲೆಕ್ಟ್ರಿಕ್ ಕೆಲಸ ಅಂತ ಹೇಳೀನಿ. ಅವರು ಕರೆಂಟ ಆಫೀಸ ಅಂತ ತಿಳಕೊಂಡ್ರ ನಮ್ಮ ತಪ್ಪಲ್ಲ. ಮತ್ತ ಗ್ಯಾರೇಜಿನವರ ಹಂಗ 'ಐತಿ' ಅನಬ್ಯಾಡ, 'ಅದ' ಅನ್ನು."

"ನನಗ ನೆನಪ ಐತಿ" ಎಂದ ದತ್ತಾತ್ರಿ. ಮೌಶಿ ಹಣೆ ಹಣೆ ಬಡಿದುಕೊಂಡಳು.

ಮುಳಗುಂದದ ಮನೆಯಲ್ಲಿ, ಜಯತೀರ್ಥ ಮಾಸ್ತರರ ಮಗಳು ವನಮಾಲಾ ಅವಲಕ್ಕಿ ಇಟ್ಟು, ಒಳಗೆ ಹೋಗದೆ ನಿಂತು ಕೇಳಿದಳು: "ರೇಡಿಯೋ ಕೇಳ್ತೀರೇನು?"

"ಕೇಳೂದಿಲ್ರಿ. ಖೋಲ್ಯಾಗ ಯಾರರ ಮಾತಾಡ್ಲಿ ಅಂತ ಹಚ್ಚಿರ್ತೀನಿ."

ಅವಳು ನಕ್ಕಳು. ಈ ನಗೆ ತನ್ನ ಖೋಲಿಗೆ ಬಂದರೆ ಸಾಕು, ಬೇರೇನೂ ಬೇಡ ಎನ್ನಿಸಿತು ದತ್ತಾತ್ರಿಗೆ.

ಹೊರಡುವಾಗ ಗಾಡಿ ಎದ್ದೇಳಲಿಲ್ಲ. ಆ ಗಾಡಿಯ ಪೆಟ್ರೋಲ್ ಪಂಪು ಕರೆಂಟಿನದು; ಕೀಲಿ ತಿರುವಿದರೆ ಟಕಟಕ ಅನ್ನಬೇಕು. ಅನ್ನಲಿಲ್ಲ. ಬಾನೆಟ್ ಎತ್ತಿ, ಪಂಪಿಗೆ ಕರೆಂಟು ಬಿಡುವ ರಿಲೇ ಎಂಬ ಸಣ್ಣ ಡಬ್ಬಿಗೆ ಬಲ್ಬು ಹಚ್ಚಿ ನೋಡಿದ. ಕರೆಂಟು ಅಲ್ಲಿಯತನಕ ಬರುತ್ತಿತ್ತು. ಹಾಗಾದರೆ ಮರಳಿ ಹೋಗುವ ಹಾದಿಯೇ ಕೆಟ್ಟಿದೆ. ರಿಲೇಯ ಇನ್ನೊಂದು ವಾಯರನ್ನು ಗಾಡಿಯ ಮೈಗೆ ಸ್ಕ್ರೂ ಹಾಕಿ ಬಿಗಿದಿರುತ್ತಾರೆ. ಅದಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೋ, ಗದಗಿನ ಗ್ಯಾರೇಜುಗಳಲ್ಲಿ 'ಅರ್ಥ' ಅನ್ನುತ್ತಾರೆ. ಆ ಸ್ಕ್ರೂವಿನ ಕೆಳಗೂ ಹೊಸ ಬಣ್ಣ ಬಳಿದಿದ್ದರು. ಹಾದಿಯ ಕುಲುಕಾಟಕ್ಕೆ ಇದ್ದ ಚೂರು ಹಿಡಿತವೂ ಸಡಿಲಾಗಿತ್ತು.

ಅಷ್ಟರಲ್ಲಿ ಮಾಸ್ತರರು ಹಿಂದೆ ಬಂದು ನಿಂತು, ಮೆಲುದನಿಯಲ್ಲಿ ಕೇಳಿದರು: "ಏನನಸ್ತದ? ಮುಚ್ಚುಮರಿ ಬ್ಯಾಡ, ಇದ್ದದ್ದು ಇದ್ಧಾಂಗ ಹೇಳ್ರಿ."

"ಅರ್ಥ ಇಲ್ರಿ" ಎಂದ ದತ್ತಾತ್ರಿ, ತಲೆ ಒಳಗೇ ಇಟ್ಟು. "ಮ್ಯಾಲ ಬಣ್ಣ ಥಳಥಳ ಐತಿ. ಒಳಗ ಏನೂ ಹಿಡದಿಲ್ಲ."

ಬಣ್ಣ ಕೆರೆದು ಸ್ಕ್ರೂ ಬಿಗಿದ. ಪಂಪು ಟಕಟಕ ಎಂದಿತು. ಶಾಬಾಸ್ ಅನ್ನಿಸಿಕೊಳ್ಳಲು ತಲೆ ಎತ್ತಿದರೆ ಮಾಸ್ತರರಿರಲಿಲ್ಲ. ಬಾಗಿಲು ಮುಚ್ಚಿತ್ತು.

ಊರ ಹೊರಗೆ ಬಂದ ಮೇಲೆ ಮೌಶಿ ಕೇಳಿದಳು: "ಅವರಿಗೆ ಏನಂದ್ಯೋ? ಹೋಗಿ ಬರ್ರಿ ಅಂತ ಸುದ್ದಾ ಅನ್ನಲಿಲ್ಲ."

ದತ್ತಾತ್ರಿ ಅಂದದ್ದನ್ನೇ ಮತ್ತೆ ಅಂದ. 'ಬಣ್ಣ ಥಳಥಳ'ದ ಹತ್ತಿರ ಬರುವಷ್ಟರಲ್ಲಿ ಅವನ ಕಾಲು ತಾನಾಗಿ ಬ್ರೇಕು ತುಳಿಯಿತು. ಗಾಡಿ ತಿರುಗಿಸಿದ.

ಮಾಸ್ತರರು ಕಟ್ಟೆಯ ಮೇಲೆ ಕೂತಿದ್ದರು. ಏಳಲಿಲ್ಲ.

"ನಾ ಅಂದದ್ದು ಗಾಡಿಗಿರಿ, ನಿಮ್ಮ ಮಗಳಿಗಲ್ಲ. ವಾಯರ ಗಾಡಿ ಮೈಗೆ ಹತ್ತಿರಬೇಕು, ಅದಕ್ಕ ಅರ್ಥ ಅಂತೀವಿ ನಾವು."

"ನಾವು ಅಂದ್ರ?"

ಗಾಡಿಯೊಳಗೆ ಮೌಶಿ ಜೋರಾಗಿ ಕೆಮ್ಮಿದಳು. ಆಫೀಸಿನವರು ಎಂದರೆ ಮುಗಿಯುತ್ತಿತ್ತು. ಆದರೆ ಆ ನಗೆ ಖೋಲಿಗೆ ಬಂದ ಮರುದಿನವೇ ಅವನ ಅಂಗಿಯ ಗ್ರೀಸು ನೋಡುತ್ತದಲ್ಲ.

"ನಾವು ಗ್ಯಾರೇಜಿನವರು" ಎಂದ ದತ್ತಾತ್ರಿ. "ನನಗ ಆಫೀಸ ಇಲ್ರಿ."

ಮಾಸ್ತರರು ಚಷ್ಮಾ ತೆಗೆದು ಧೋತರದ ಚುಂಗಿನಿಂದ ಒರೆಸಿಕೊಂಡರು. ಮುಖದ ಮೇಲಿನ ಸಿಟ್ಟು ಇಳಿದಿತ್ತು. ಅದರ ಜಾಗದಲ್ಲಿ, ಅಪರಿಚಿತರಿಗೆ ತೋರುವ ಮರ್ಯಾದೆ ಬಂದು ಕೂತಿತ್ತು. ಅದಕ್ಕಿಂತ ಸಿಟ್ಟೇ ಮೇಲಿತ್ತು.

"ಆತು. ತಿಳೀತು. ಖಬರ ಕಳಸ್ತೇವಿ."

ಮುಳಗುಂದದ ಬಸ್ಸು ಗ್ಯಾರೇಜಿನ ಮುಂದೆಯೇ ಹಾಯುತ್ತಿತ್ತು. ಮಳೆಗಾಲ ಮುಗಿಯುವತನಕ, ಅದು ಬಂದಾಗಲೆಲ್ಲ ದತ್ತಾತ್ರಿ, ಖಬರ ಬಂದೀತೆಂದು, ಕೈಯಲ್ಲಿನ ಕೆಲಸ ಬಿಟ್ಟು ಬಾಗಿಲಿಗೆ ಬರುತ್ತಿದ್ದ. ಅವನು ಬಿಟ್ಟ ಕೆಲಸವನ್ನು ಮೌಲಾಸಾಬರು ತಾವೇ ಮುಗಿಸುತ್ತಿದ್ದರು.