ಏಲಿಯಾಮ್ಮ ಗಂಡನನ್ನು ಹಿಂದೆ ಹಾಕಿದ ವರ್ಷ

ನಮ್ಮ ಪಕ್ಕದ ಮನೆಯ ಏಲಿಯಾಮ್ಮ ಚೇಡತ್ತಿ ಮದುವೆಯಾಗಿ ಬಂದಾಗಿನಿಂದ ದಾರಿಯಲ್ಲಿ ನೋಡಿದ್ದೆಲ್ಲ ಗಂಡನ ಬೆನ್ನನ್ನೇ. ನಮ್ಮ ಕಡೆ ಅಕ್ಕನಿಗೆ ಚೇಡತ್ತಿ, ಅಣ್ಣನಿಗೆ ಚೇಟ ಅನ್ನುತ್ತೇವೆ. ಅವರ ಗಂಡ ಕುರ್ಯಾಕೋಸ್ ಚೇಟ ರೈಲ್ವೆಯಲ್ಲಿ ಹಳಿ ನೋಡಿಕೊಳ್ಳುವ ಕೆಲಸದಲ್ಲಿದ್ದವರು. ಸುತ್ತಿಗೆ ಹೆಗಲಿಗೇರಿಸಿ ದಿನವೂ ನಡೆದೂ ನಡೆದೂ ಅವರಿಗೆ ಮೆಲ್ಲಗೆ ಹೋಗುವುದೇ ಗೊತ್ತಿರಲಿಲ್ಲ. ಭಾನುವಾರ ಅವರು ಇಗರ್ಜಿಯ ಮೆಟ್ಟಿಲು ಹತ್ತುವಾಗ ಏಲಿಯಾಮ್ಮ ಇನ್ನೂ ಗದ್ದೆಯ ಬದುವಿನಲ್ಲಿ ಏದುಸಿರು ಬಿಡುತ್ತಿದ್ದರು.

"ಇಚ್ಚಾಯ, ಹಿಂದೆ ಒಬ್ಳು ಹೆಂಡ್ತಿ ಇದಾಳೆ ಅನ್ನೋದು ನೆನಪಿದ್ಯಾ?" ಎಂದು ಕೂಗಿದರೆ, "ಬಾಯಿ ಮುಚ್ಚಿ ಕಾಲು ಹಾಕೇ" ಎಂದು ಮುಂದಿನಿಂದ ಉತ್ತರ ಬರುತ್ತಿತ್ತು.

ಚೇಟ ನಿವೃತ್ತರಾಗಿ ಎಷ್ಟೋ ವರ್ಷ ಕಳೆದಿತ್ತು. ಒಂದು ಭಾನುವಾರ ಅದೇ ಬದುವಿನ ಮೇಲೆ ಏಲಿಯಾಮ್ಮ ತಲೆಯೆತ್ತಿ ನೋಡಿದರೆ ಗಂಡ ಪಕ್ಕದಲ್ಲೇ ಇದ್ದಾರೆ. "ಕೊನೆಗೂ ಬುದ್ಧಿ ಬಂತು ಅಂದ್ಕೊಂಡೆ ಕಣೇ" ಎಂದು ನನ್ನ ಹತ್ತಿರ ನಕ್ಕರು. ಆ ನಗು ಹೆಚ್ಚು ದಿನ ಉಳಿಯಲಿಲ್ಲ. ಕೆಲವು ವಾರಗಳಲ್ಲಿ ಚೇಟ ಹಿಂದೆ ಬೀಳತೊಡಗಿದರು. ಏಲಿಯಾಮ್ಮ ಬೇಕೆಂದೇ ನಿಧಾನ ಮಾಡಿದರು. ಆದರೂ ಅವರು ಹಿಂದೆಯೇ. ಕೆಸರಿನಿಂದ ಕಾಲು ಕೀಳುವವರಂತೆ ಪುಟ್ಟ ಪುಟ್ಟ ಹೆಜ್ಜೆ.

"ವಯಸ್ಸಾಯ್ತಲ್ಲ ಚೇಡತ್ತಿ" ಎಂದೆ ನಾನು.

"ನಂಗೇನು ಹದಿನಾರಾ? ಒಂದೇ ವರ್ಷದಲ್ಲಿ ಯಾರಾದ್ರೂ ಹಿಂಗಾಗ್ತಾರಾ?"

ಡಾಕ್ಟರ ಮಾತೆತ್ತಿದರೆ ಚೇಟ ಮರಗೆಣಸಿನ ತಟ್ಟೆಯನ್ನು ದೂಡಿ ಏಳುತ್ತಿದ್ದರು. "ರೈಲು ಓಡ್ಲಿ ಅಂತ ಸವೆಸಿದ ಕಾಲಿದು. ಇದಕ್ಕೆ ಔಷಧಿ ಕುಡಿಸ್ತಾಳಂತೆ!"

ಈಸ್ಟರಿಗೆ ಮುಂಚಿನ ಗರಿಗಳ ಭಾನುವಾರ ನಾವು ಮೂವರೂ ಇಗರ್ಜಿಗೆ ಒಟ್ಟಿಗೆ ಹೊರಟೆವು. ಹೊಳೆ ದಾಟಲು ರಸ್ತೆಯಲ್ಲಿ ಹೋದರೆ ಸುತ್ತು. ರೈಲು ಸೇತುವೆ ಹತ್ತಿರ. ಆಗಿನ್ನೂ ಒಂಟಿ ಹಳಿ. ಊರಿನವರೆಲ್ಲ ಕದ್ದು ದಾಟುತ್ತಿದ್ದರು.

"ಬೇಡ, ರಸ್ತೇಲಿ ಹೋಗೋಣ" ಎಂದರು ಏಲಿಯಾಮ್ಮ.

"ನಿನ್ನ ಕೈಲಾಗದಿದ್ರೆ ನೀನು ಸುತ್ತಿ ಬಾ" ಎಂದು ಚೇಟ ಸೇತುವೆಗೆ ತಿರುಗಿಯೇಬಿಟ್ಟರು. ಏಲಿಯಾಮ್ಮ ಗೊಣಗುತ್ತ ಹಿಂದೆ ಹೋದರು. ನನಗೆ ಧೈರ್ಯ ಬರಲಿಲ್ಲ, ದಡದಲ್ಲೇ ನಿಂತೆ.

ನಡುಮಧ್ಯದಲ್ಲಿ ಚೇಟ ನಿಂತುಬಿಟ್ಟರು. ದಣಿವಾರಿಸಿಕೊಳ್ಳುತ್ತಿದ್ದಾರೆ ಎಂದುಕೊಂಡೆ. ಅಷ್ಟರಲ್ಲಿ ತಿರುವಿನಾಚೆಯಿಂದ ಕೂಗು ಕೇಳಿಸಿತು. ರೈಲು! ನಾನು ಗಂಟಲು ಹರಿಯುವಂತೆ ಕಿರುಚಿದೆ. ಸ್ವಲ್ಪ ಮುಂದೆ, ಹಳಿಯ ಪಕ್ಕಕ್ಕೆ ಚಾಚಿಕೊಂಡ ಕಬ್ಬಿಣದ ಕಟಕಟೆ ಇತ್ತು. ಕೆಲಸದವರು ರೈಲು ಬಂದಾಗ ನಿಲ್ಲುವ ಜಾಗ. ಅಲ್ಲಿಗೆ ಮುಟ್ಟಿದರೆ ಬದುಕು. ಚೇಟನ ಮೈಯೆಲ್ಲ ಮುಂದಕ್ಕೆ ಬಾಗಿತ್ತು, ಪಾದ ಮಾತ್ರ ಅಂಟಿಕೊಂಡಿತ್ತು.

"ಕಾಲು ಬರ್ತಿಲ್ಲ ಏಲಿ. ನೀನು ಓಡು" ಎಂದರಂತೆ.

"ಓಡೋಕೆ ಬಂದಿಲ್ಲ. ಎತ್ತು ಕಾಲು! ಎತ್ತು ಅಂದ್ರೆ!"

ಏಲಿಯಾಮ್ಮ ಅವರ ಸೊಂಟವನ್ನು ತಬ್ಬಿ ಹಿಂದಿನಿಂದ ನೂಕಿದರು. ಒಂದು ಪಾದ ಬಿಟ್ಟಿತು, ಇನ್ನೊಂದು ಎಳೆದುಕೊಂಡು ಬಂತು. ಇಂಜಿನ್ ಸೇತುವೆಗೇರಿತು. ಆಮೇಲೆ ನನಗೆ ಕಂಡದ್ದು ಬರೀ ಡಬ್ಬಿಗಳು, ಒಂದರ ಹಿಂದೆ ಒಂದು, ಮುಗಿಯುವುದೇ ಇಲ್ಲವೆನ್ನುವಂತೆ. ನಾನು ಕೊರಳಿನ ಶಿಲುಬೆ ಹಿಡಿದು ಹೊಳೆಯ ನೀರನ್ನು ನೋಡಿದೆ. ಅವರಿಬ್ಬರು ಉಟ್ಟಿದ್ದ ಬಿಳಿ ಬಟ್ಟೆ ತೇಲುತ್ತಿದೆಯೇ ಎಂದು.

ರೈಲು ದಾಟಿತು. ಕಟಕಟೆಯಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಅಂಟಿಕೊಂಡು ಕೂತಿದ್ದರು.

ಹೋದ ಮಳೆಗಾಲದಿಂದಲೇ ಕಾಲು ಹೇಳಿದ ಮಾತು ಕೇಳುತ್ತಿಲ್ಲವೆಂದು ಚೇಟ ಅಲ್ಲಿಯೇ ಒಪ್ಪಿಕೊಂಡರಂತೆ. ಮರುದಿನ ಆಸ್ಪತ್ರೆಗೆ ತಕರಾರಿಲ್ಲದೆ ನಡೆದರು.

ಡಾಕ್ಟರಮ್ಮ ಮೊದಲು ಮಾಡಿಸಿದ್ದು ಒಂದೇ ಕೆಲಸ: ಕೈಯಲ್ಲಿ ಗಡಿಯಾರ ಹಿಡಿದು, ಚೇಟನನ್ನು ಮೊಗಸಾಲೆಯ ಉದ್ದಕ್ಕೂ ನಡೆಸಿದ್ದು. ಎರಡನೆಯ ಸಲ ನಡೆಸಿದಾಗ ಡಾಕ್ಟರಮ್ಮನ ಮುಖ ಗಂಭೀರವಾಯಿತು. "ವಯಸ್ಸಾದವರ ನಡಿಗೆ ಸ್ವಲ್ಪ ಸ್ವಲ್ಪ ಇಳಿಯೋದು ಸಹಜ ಅಮ್ಮ. ಹೀಗೆ ದಿಢೀರಂತ ಇಳಿದ್ರೆ ಸುಮ್ನಿರಬಾರದು. ಹೃದಯ, ನರ, ತಲೆ, ಒಳಗೆಲ್ಲೋ ಏನೋ ಕೆಟ್ಟಿರಬಹುದು."

ಸ್ಕ್ಯಾನ್ ಮಾಡಿಸಿ ನೋಡಿದರೆ ಚೇಟನ ತಲೆಯೊಳಗೆ ನೀರು ತುಂಬಿಕೊಂಡಿತ್ತು. ಕೊಳವೆ ಹಾಕಿ ಆ ನೀರನ್ನು ಹೊಟ್ಟೆಗೆ ಇಳಿಸಬೇಕು, ಕಾಲು ಸರಿಯಾಗಬಹುದು, ಆಗದೆಯೂ ಇರಬಹುದು ಎಂದರು. ಆಪರೇಷನ್ ಕೋಣೆಯ ಹೊರಗೆ ಏಲಿಯಾಮ್ಮ ಜಪಸರ ಹಿಡಿದಿದ್ದರು, ಮಣಿ ಮಾತ್ರ ಉರುಳುತ್ತಿರಲಿಲ್ಲ. "ನಿಧಾನ ಆದ್ರೆ ಸಾಕಪ್ಪಾ ಅಂತ ಜೀವಮಾನವೆಲ್ಲ ಬೇಡಿಕೊಂಡಿದ್ದೆ" ಎಂದು ಒಮ್ಮೆ ಹೇಳಿ ಅತ್ತರು.

ಬಾಗಿಲು ತೆರೆದಾಗ ಸಂಜೆಯಾಗಿತ್ತು. ವಾರದೊಳಗೆ ಚೇಟ ಗೋಡೆ ಹಿಡಿಯದೆ ನಡೆದರು. ಹಳೆಯ ಬಿರುಸು ಮರಳಿ ಬರಲೇ ಇಲ್ಲ, ಆದರೆ ಪಾದ ನೆಲ ಬಿಟ್ಟು ಏಳುತ್ತಿತ್ತು.

ಆಮೇಲೆ ಅವರು ಇಗರ್ಜಿಗೆ ಹೋಗುತ್ತಿದ್ದುದು ರಸ್ತೆಯಲ್ಲೇ. ಏಲಿಯಾಮ್ಮ ಒಂದೊಂದು ಗೇಟಿನಲ್ಲೂ ನಿಂತು ಮಾತಾಡುತ್ತಿದ್ದರು.

"ಈ ಮನೆ ಯಾರ್ದು ಕಣೇ?" ಎಂದು, ಅಷ್ಟು ವರ್ಷ ಅಕ್ಕಪಕ್ಕ ನೋಡದೆ ನಡೆದಿದ್ದ ಚೇಟ ಕೇಳಿದ್ದನ್ನು ನಾನೇ ಕೇಳಿಸಿಕೊಂಡಿದ್ದೇನೆ.

"ನಿಮ್ಮ ಅತ್ತಿಗೆಯ ತಂಗೀದು. ಹೋಗ್ಲಿ, ಒಳಗೆ ಬನ್ನಿ, ಕಾಫಿ ಕೊಡ್ತಾಳೆ."