ತಂತಿಯ ಮೇಲೆ ಉಳಿದ ನೀಕ್ಯಾಪ್

ಪುಟ್ಟಿ, ಅಪ್ಪು,

ನಿಮ್ಮಿಬ್ಬರನ್ನು ಮನೆಯಲ್ಲಿ ಕರೆಯುವ ಹಾಗೆಯೇ ಕರೆದಿದ್ದೇನೆ. ಬೇರೆ ಯಾರ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ. ನಾನು ಊರ ಶಾಲೆಯಲ್ಲಿ ಏಳನೆಯವರೆಗೆ ಓದಿದವಳು, ಬರೆದು ಅಭ್ಯಾಸವಿಲ್ಲ. ನಿಮಗೂ ಕನ್ನಡ ಓದುವುದು ನಿಧಾನ. ಅಕ್ಷರ ಕೂಡಿಸಿಕೊಂಡು ಓದಿ, ಅವಸರವಿಲ್ಲ.

ಮೊನ್ನೆ ಗೋಡೆಯ ಫೋಟೋ ತೋರಿಸಿ ಅಪ್ಪು ಕೇಳಿದ, "ಅಜ್ಜಿ, ಅಜ್ಜ ಇಸ್ ಟೀಮ್ ಕೇ ಕ್ಯಾಪ್ಟನ್ ಥೇ ಕ್ಯಾ?" ಅಜ್ಜ ಈ ತಂಡದ ಕ್ಯಾಪ್ಟನ್ ಆಗಿದ್ದರಾ ಎಂದು. ನಾನು ನಕ್ಕೆ. ಅದು ಹುಡುಗಿಯರ ತಂಡ, ಮಗಾ. ಬದಿಯಲ್ಲಿ ಚೆಂಡು ಹಿಡಿದು ನಿಂತಿರುವ ಅಜ್ಜ ಅವರ ಕೋಚ್. ಹುಡುಗಿಯರನ್ನು ಎಣಿಸಿ ನೋಡು, ಹನ್ನೊಂದು ಮಂದಿ ಇದ್ದಾರೆ. ಹನ್ನೆರಡು ಇರಬೇಕಿತ್ತು. ಆ ಒಬ್ಬಳು ಇಲ್ಲದಿರುವುದಕ್ಕೆ ಕಾರಣ ನಾನು.

ಅಜ್ಜ ಉಡುಪಿ ಕಡೆಯಿಂದ ಠಾಣೆ ಪಟ್ಟಣಕ್ಕೆ ಬಂದದ್ದು ಸೋದರಮಾವನ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂರಲು. ಸಂಜೆ ಹೋಟೆಲ್ ಕೆಲಸಗಾರರ ಜೊತೆ ವಾಲಿಬಾಲ್ ಆಡುತ್ತಾ ಆಡುತ್ತಾ ಗಲ್ಲಾ ಬಿಟ್ಟರು, ವ್ಯಾಯಾಮ ಶಿಕ್ಷಣದ ಕೋರ್ಸ್ ಮಾಡಿದರು, ಡೊಂಬಿವಲಿಯ ಒಂದು ಕಾಲೇಜು ಸೇರಿದರು. ವರ್ಷ ವರ್ಷ ಹೊಸ ಕಾಗದ ಕೊಟ್ಟು ಇಟ್ಟುಕೊಳ್ಳುವ ಕೆಲಸ. ಕಾಯಂ ಎಂಬುದು ಕೊನೆಯವರೆಗೂ ಆಗಲಿಲ್ಲ. ಕಾಲೇಜಿಗೆ ಮೈದಾನವೂ ಇರಲಿಲ್ಲ. ಸ್ಕೂಟರ್ ನಿಲ್ಲಿಸುವ ಅಂಗಳವೇ ಕೋರ್ಟ್. ಬೆಳಿಗ್ಗೆ ಆರಕ್ಕೆ ಹೋಗಿ, ಯಾರೋ ಬಿಟ್ಟುಹೋದ ಸ್ಕೂಟರ್‌ಗಳನ್ನು ಎಳೆದು ಬದಿಗಿಟ್ಟು, ನನ್ನ ರಂಗೋಲಿ ಪುಡಿಯಲ್ಲಿ ಗೆರೆ ಹಾಕುತ್ತಿದ್ದರು. ಹಬ್ಬದ ದಿನ ನಾನು ಡಬ್ಬಿ ತೆರೆದರೆ ತಳದಲ್ಲಿ ಒಂದು ಚಿಟಿಕೆ ಪುಡಿ.

ಮದುವೆ ಮನೆಗಳಲ್ಲಿ ಯಾರಾದರೂ ಗಂಡನ ಕೆಲಸ ಕೇಳಿದರೆ "ಕಾಲೇಜಿನಲ್ಲಿ" ಎಂದಷ್ಟೇ ಹೇಳುತ್ತಿದ್ದೆ. ಪ್ರೊಫೆಸರ್ ಎಂದು ತಿಳಿದುಕೊಂಡರೆ ತಿದ್ದುತ್ತಿರಲಿಲ್ಲ. ಒಮ್ಮೆ ಹೋಟೆಲಿನ ಮಾವ ಊಟದ ಪಂಕ್ತಿಯಲ್ಲಿ, "ಎಂತ ಪ್ರೊಫೆಸರ್ ಮಾರಾಯ್ತಿ, ಹುಡುಗಿಯರಿಗೆ ಚೆಂಡು ಹೆಕ್ಕಿ ಕೊಡುದು" ಎಂದರು. ಎಲ್ಲರೂ ನಕ್ಕರು, ಅಜ್ಜನೂ ನಕ್ಕರು. ನಾನು ಮಾತ್ರ ಪಾಯಸವನ್ನು ಎಲೆಯಲ್ಲೇ ಬಿಟ್ಟು ಎದ್ದೆ.

ಆಟದಲ್ಲಿ ಅವರಿಗೆ ಒಂದೇ ಹಟ. ಚೆಂಡು ಇಬ್ಬರ ನಡುವೆ ಬಂದರೆ ಒಬ್ಬಳು "ಮಾಝಾ" ಎಂದು ಕೂಗಲೇಬೇಕು, ನನ್ನದು ಎಂದು. ಕೂಗಿ ಹಾರಿ ಚೆಂಡು ಬಿಟ್ಟವಳಿಗೆ ಬೈಗುಳವಿಲ್ಲ. ಇಬ್ಬರೂ ಮುಖ ಮುಖ ನೋಡಿಕೊಂಡು ಚೆಂಡು ನೆಲಕ್ಕೆ ಬಿದ್ದರೆ ಇಬ್ಬರೂ ಹೊರಗೆ. "ಕೈ ತಪ್ಪಬಹುದು, ಬಾಯಿ ತಪ್ಪಬಾರದು" ಎನ್ನುತ್ತಿದ್ದರು. ಮನೆಯಲ್ಲಿ ಹಾಲು ಉಕ್ಕಿದರೂ ಅದೇ ಮಾತು. "ಇಬ್ಬರೂ ಇಲ್ಲೇ ಇದ್ದೆವು. ಮಾಝಾ ಅಂತ ಒಬ್ಬರೂ ಹೇಳಲಿಲ್ಲ."

ಆ ಹನ್ನೆರಡನೆಯ ಹುಡುಗಿ ಪಕ್ಕದ ಊರು ಕಲ್ಯಾಣದಿಂದ ಬರುತ್ತಿದ್ದಳು. ಅವರು ಕಲಬುರಗಿ ಕಡೆಯವರು. ಅಪ್ಪನದು ಕಟ್ಟಡಗಳಲ್ಲಿ ಗಾರೆ ಕೆಲಸ, ಅವ್ವ ಮನೆ ಮನೆಗೆ ಪಾತ್ರೆ ತೊಳೆಯಲು ಹೋಗುತ್ತಿದ್ದಳು. ಆಟದಲ್ಲಿ ಹುಡುಗಿ ಸೆಟ್ಟರ್, ಹೊಡೆಯುವವರಿಗೆ ಚೆಂಡನ್ನು ಮೇಲಕ್ಕೆ ಎತ್ತಿಕೊಡುವವಳು. ಅಂಥ ಕೈ ಇಷ್ಟು ವರ್ಷದಲ್ಲಿ ಒಂದೇ ಸಿಕ್ಕಿದ್ದು ಎಂದು ಅಜ್ಜ ಹೇಳುತ್ತಿದ್ದರು. ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾದರೆ ಮುಂದೆ ಕ್ರೀಡಾ ಕೋಟಾದಲ್ಲಿ ಅವಳಿಗೊಂದು ಸರ್ಕಾರಿ ಕೆಲಸ ಆಗಬಹುದು ಎಂಬುದು ಅವರ ಆಸೆ.

ಅವಳು ಆಡುವುದು ಅಪ್ಪನಿಗೆ ಗೊತ್ತಿರಲಿಲ್ಲ. ಆದ್ದರಿಂದ ಆಟದ ಬಟ್ಟೆ ಮನೆಗೆ ಒಯ್ಯುವಂತಿರಲಿಲ್ಲ. ಕಾಲೇಜಿನ ಹಿಂದೆಯೇ ನಮ್ಮ ಮನೆ. ಅಜ್ಜ ಕೇಳಿದರು, ನಾನು ಒಪ್ಪಿದೆ. ದಿನಾ ಆಟ ಮುಗಿಸಿ ಬಂದು ಸ್ನಾನ ಮಾಡುವಳು, ಬಟ್ಟೆಯನ್ನೂ ಮೊಣಕಾಲಿಗೆ ಹಾಕುವ ನೀಕ್ಯಾಪನ್ನೂ ಒಗೆದು ಬಾಗಿಲ ಮುಂದಿನ ಗ್ಯಾಲರಿಯ ತಂತಿಗೆ ಹಾಕುವಳು, ಸಲ್ವಾರ್ ತೊಟ್ಟು ಕ್ಲಾಸಿಗೆ ಹೋಗುವಳು. ಬೇಡವೆಂದರೂ ಸಿಂಕಿನಲ್ಲಿದ್ದ ಲೋಟಗಳನ್ನು ತೊಳೆದಿಡುವಳು.

ಎದುರು ಮನೆಯಲ್ಲಿ ನಮ್ಮೂರ ಕಡೆಯ ಅಕ್ಕ ಒಬ್ಬರಿದ್ದರು. ಒಂದು ದಿನ ಗ್ಯಾಲರಿಯಲ್ಲಿ ನಿಲ್ಲಿಸಿ ಕೇಳಿದರು. "ಆ ಹುಡುಗಿ ಯಾರು? ದಿನಾ ಬರ್ತಾಳಲ್ಲ. ಮನೆಯಲ್ಲಿ ಗಂಡಸರಿರುವಾಗ ನೋಡಿಕೊಳ್ಬೇಕು ನೀನು."

ಇವರು ಕಲಿಸುವ ಹುಡುಗಿ ಎಂದರೆ ಮುಗಿಯುತ್ತಿತ್ತು. ಆದರೆ ನನ್ನ ತಲೆಯಲ್ಲಿ ಪಂಕ್ತಿಯ ನಗು ಕೇಳಿತು. "ಕೆಲಸಕ್ಕೆ ಬರುದು ಅಕ್ಕ" ಎಂದೆ.

"ಒಳ್ಳೇದಾಯ್ತು. ನಮ್ಮ ಕೆಲಸದ ಬಾಯಿ ರಜೆ ಹಾಕಿ ಕೂತಿದ್ದಾಳೆ."

ಮರುದಿನ ಹುಡುಗಿ ತಂತಿಗೆ ಬಟ್ಟೆ ಹಾಕುವಾಗ ಅಕ್ಕ ನನ್ನೆದುರೇ ಅವಳನ್ನು ಕೇಳಿದರು. "ನಮ್ಮಲ್ಲಿಗೂ ಬರ್ತೀಯಾ? ಪಾತ್ರೆ, ಕಸ, ಇಷ್ಟೇ."

ಹುಡುಗಿ ನನ್ನ ಮುಖ ನೋಡಿದಳು. ನಾನು ಕಾಲೊರೆಸುವ ಚಾಪೆ ನೋಡುತ್ತಿದ್ದೆ. ಅವಳಿಗೆ ತಿಳಿಯಿತು.

"ಇಲ್ರಿ ಅಮ್ಮಾರ. ಈ ಮನಿ ಒಂದಽ ಸಾಕಾಗೈತ್ರಿ ನನಗ" ಎಂದಳು.

ಅದೇ ಕೊನೆ. ಮತ್ತೆ ನಮ್ಮ ಮನೆಗೂ ಬರಲಿಲ್ಲ, ಕೋರ್ಟಿಗೂ ಬರಲಿಲ್ಲ. ಅಜ್ಜ ಕಾಲೇಜಿನಲ್ಲಿ ಹಿಡಿದು ಕೇಳಿದಾಗ, "ಮನ್ಯಾಗ ತೊಂದ್ರಿ ಐತ್ರಿ ಸರ್, ಆಡಂಗಿಲ್ಲ" ಎಂದಳಂತೆ. ಮನೆಗೆ ಬಂದು ನನ್ನನ್ನು ಕೇಳಿದರು, "ನಿನ್ನ ಹತ್ತಿರ ಏನಾದರೂ ಹೇಳಿದ್ದಾಳಾ?" ಇಲ್ಲ ಎಂದೆ. ಟೀಮಿನ ಬಟ್ಟೆಯನ್ನು ಅಜ್ಜ ಕಾಲೇಜಿಗೆ ಒಯ್ದರು, ತಂತಿಯ ಮೇಲೆ ಅವಳ ಸ್ವಂತದ ನೀಕ್ಯಾಪ್ ಮಾತ್ರ ಹಾಗೇ ಉಳಿಯಿತು. ಆ ಭಾನುವಾರ ಸಾನಪಾಡಾದಲ್ಲಿ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆ ನಡೆಯಿತು. ಗೋಡೆಯ ಫೋಟೋ ಅಂದಿನದು.

ಆಮೇಲೆ ಒಂದು ಸಂಜೆ ನಾವಿಬ್ಬರೂ ಹೊರಡುವಾಗ ಅಕ್ಕ ಅಜ್ಜನನ್ನು ಕೇಳಿದರು, "ನಿಮ್ಮ ಕೆಲಸದ ಹುಡುಗಿ ಈಗ ಬರುದಿಲ್ವಾ? ತಂತಿಗೆ ಬಟ್ಟೆ ಹಾಕ್ತಿದ್ದವಳು?"

ಅಜ್ಜ ನನ್ನ ಕಡೆ ನೋಡಿದರು, ಚೆಂಡು ಮೇಲಿರುವಾಗ ಹುಡುಗಿಯರ ಕಡೆ ನೋಡುವ ಹಾಗೆ. ಕಾದರು. ನಾನು ಬಗ್ಗಿ ಚಪ್ಪಲಿ ಸರಿಮಾಡಿಕೊಂಡೆ. "ಅವಳು ಕೆಲಸದವಳಲ್ಲ, ನಮ್ಮ ಟೀಮಿನವಳು" ಎಂದು ಕೊನೆಗೆ ಅವರೇ ಹೇಳಿದರು.

ಮೆಟ್ಟಿಲು ಇಳಿಯುವಾಗ ನನಗೆ ಹೇಳಿದ್ದು ಒಂದೇ ಮಾತು. "ಆ ಚೆಂಡು ನಿನ್ನದಿತ್ತು."

ಮರುದಿನ ಕಲ್ಯಾಣಕ್ಕೆ ಹೋಗಿ ಅವಳ ಜೊತೆ ಮಾತಾಡೋಣ, ನೀನೂ ಬಾ ಎಂದರು. ಸೊಂಟ ನೋವು ಎಂದೆ. ನೋವಿರಲಿಲ್ಲ. ಅವರೊಬ್ಬರೇ ಹೋಗಿ ಒಬ್ಬರೇ ಬಂದರು. ಅವಳು ಮತ್ತೆ ಆಡಲಿಲ್ಲ. ಅಜ್ಜ ಈ ವಿಷಯ ಮತ್ತೆ ಎತ್ತಲಿಲ್ಲ, ನನ್ನ ಜೊತೆ ಮೊದಲಿನಂತೆಯೇ ಇದ್ದರು. ಹಾಲು ಉಕ್ಕಿದಾಗ ಮಾತ್ರ ಆ ಹಳೆಯ ಮಾತು ಹೇಳುವುದನ್ನು ಬಿಟ್ಟರು. ಸುಮ್ಮನೆ ಬಟ್ಟೆ ತಂದು ಒರೆಸುತ್ತಿದ್ದರು.

ಅಜ್ಜ ತೀರಿಹೋದ ಮೂರನೆಯ ದಿನ ಅವಳು ಬಂದಳು. ಘೋಡಬಂದರ್ ರಸ್ತೆಯ ಒಂದು ಮಾಲ್‌ನ ಬಟ್ಟೆ ಅಂಗಡಿಯಲ್ಲಿ ಕೆಲಸ ಎಂದಳು. ಗೋಡೆಯ ಆ ಟೀಮ್ ಫೋಟೋದ ಮುಂದೆ ಬಹಳ ಹೊತ್ತು ನಿಂತಳು. ನನ್ನ ಬಳಿ ಕೂತು, "ಅಮ್ಮಾರ, ಏನರ ಉಂಡೀರೇನ್ರಿ?" ಎಂದು ಕೇಳಿದಳು. ಮನೆ ತುಂಬ ಜನ, ಸಿಂಕಿನ ತುಂಬ ಲೋಟ. ಅವಳು ಎದ್ದು ಹೋಗಿ ತೊಳೆಯತೊಡಗಿದಳು. ಹೋಟೆಲ್ ಮಾವನ ಸೊಸೆ ನನ್ನ ಕಿವಿಯಲ್ಲಿ, "ಒಳ್ಳೆ ಬಾಯಿ ಸಿಕ್ಕಿದ್ದಾಳೆ ನಿಮ್ಗೆ" ಎಂದಳು.

ನಾನು ಆಗಲೂ ಬಾಯಿ ಬಿಡಲಿಲ್ಲ. ದುಃಖದಲ್ಲಿದ್ದೆ ಎಂದು ನೀವು ನನ್ನ ಪರವಾಗಿ ಹೇಳಬಹುದು. ಹೇಳಬೇಡಿ. ಸೊಸೆಯ ಮಾತು ನನಗೆ ಸರಿಯಾಗಿಯೇ ಕೇಳಿಸಿತ್ತು.

ನೀಕ್ಯಾಪ್ ನನ್ನ ಟ್ರಂಕಿನಲ್ಲಿ, ಸೀರೆಗಳ ಕೆಳಗೆ, ಹಳದಿ ಚೀಲದಲ್ಲಿದೆ. ಅಂದು ಅದನ್ನೂ ಕೊಡಲಿಲ್ಲ, ಕೊಟ್ಟರೆ ಮಾತಾಡಬೇಕಾಗುತ್ತಿತ್ತು. ಈ ಹಾಳೆಗಳನ್ನು ಅದರ ಜೊತೆಯೇ ಇಡುತ್ತೇನೆ. ಮನೆ ಬದಲಿಸುವಾಗ ಹಳೆಯ ಕಾಗದವೆಂದು ರದ್ದಿಗೆ ಹಾಕಬೇಡಿ. ಅಜ್ಜನ ವರ್ಷಾಂತಿಕದ ದಿನ ಅವಳು ಬಂದರೂ ಬರಬಹುದು. ಬಂದರೆ ಇವೆರಡನ್ನೂ ಅವಳ ಕೈಗೆ ಕೊಡಿ. ನನ್ನ ಬಾಯಿಯನ್ನು ನಾನೇ ನಂಬುವುದಿಲ್ಲ. ಅವಳು ಓದಿದ್ದು ಮರಾಠಿ ಶಾಲೆಯಲ್ಲಿ, ಕನ್ನಡ ಅಕ್ಷರ ಬರುತ್ತದೋ ಇಲ್ಲವೋ. ಬಾರದಿದ್ದರೆ ಪುಟ್ಟಿ, ನೀನು ಓದಿ ಹೇಳು, ಎಲ್ಲರೂ ಇರುವಾಗ, ಗಟ್ಟಿಯಾಗಿ. ಅಲ್ಲಿಯವರೆಗೆ ಇದು ಒದ್ದೆಯಾಗದ ಹಾಗೆ ನೋಡಿಕೊಳ್ಳಿ.