ಬಚ್ಚಲು ನೆಕ್ಕುವ ದೆವ್ವ

ದೆವ್ವದ ಕಥೆ ಕೇಳಿ ಹೆದರುವವರಿದ್ದಾರೆ, ನಗುವವರೂ ಇದ್ದಾರೆ. ನಾಚಿ ತಲೆ ತಗ್ಗಿಸಿದವನು ಬಹುಶಃ ನಾನೊಬ್ಬನೇ.

ಇಂಗ್ಲೆಂಡಿನ ಸೆಲ್ಲಿ ಓಕ್ ಬಡಾವಣೆಯ ಬಾಡಿಗೆ ಮನೆಯಲ್ಲಿ ನಾವು ಮೂವರಿದ್ದೆವು: ಎಂಜಿನಿಯರಿಂಗ್ ಓದುತ್ತಿದ್ದ ನಾನು, ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದ ಮೈಸೂರಿನ ಇಮ್ರಾನ್, ಜಪಾನಿನಿಂದ ಓದಲು ಬಂದಿದ್ದ ಯೂಕಿ. ಬಚ್ಚಲು ಮಾತ್ರ ಒಂದೇ.

ಒಂದು ಸಂಜೆ ಟೀ ಕುಡಿಯುವಾಗ ಯೂಕಿ, "ನಮ್ಮಲ್ಲಿ ಅಕನಾಮೆ ಅಂತ ಒಂದು ದೆವ್ವ ಇದೆ" ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಶುರುಮಾಡಿದಳು. ಅದಕ್ಕೆ ಉದ್ದ ನಾಲಿಗೆಯಂತೆ. ಯಾರೂ ಇಲ್ಲದಾಗ ಬಂದು ಬಚ್ಚಲಿನ ಕೊಳೆ ನೆಕ್ಕುತ್ತದಂತೆ. ಕೊಳೆ ಹೆಚ್ಚಿರುವ ಮನೆಯೆಂದರೆ ಬಲು ಇಷ್ಟವಂತೆ.

ನನ್ನೊಳಗಿನ ಪಂಡಿತ ಎದ್ದು ಕೂತ. ಹುಣಸೆಮರದ ಮೋಹಿನಿಯಿಂದ ಹಿಡಿದು, ಕಲಿತ ವಿದ್ಯೆಯನ್ನು ಯಾರಿಗೂ ಕಲಿಸದೆ ಸತ್ತು ಅರಳಿಮರಕ್ಕೆ ಜೋತುಬಿದ್ದ ಬ್ರಹ್ಮರಾಕ್ಷಸನವರೆಗೆ ನಮ್ಮ ದೆವ್ವಗಳ ವಂಶಾವಳಿಯನ್ನೆಲ್ಲ ಬಿಚ್ಚಿಟ್ಟೆ. ಜಪಾನಿನಲ್ಲಿ ಹಳೆಯ ಕೊಡೆಯೂ ಒಂಟಿಕಾಲಿನ ದೆವ್ವವಾಗುತ್ತದೆಂದು ಎಲ್ಲೋ ಓದಿದ್ದನ್ನು ಜಪಾನಿನವಳಿಗೇ ಹೇಳಿಕೊಟ್ಟೆ! ಅವಳು ತಲೆಯಾಡಿಸುತ್ತ ಕೇಳಿ, ಟವೆಲ್ ತೆಗೆದುಕೊಂಡು ಜಿಮ್‌ಗೆ ಹೊರಟಳು.

"ಎಂಥಾ ಕಥೆ, ಅಲ್ವಾ?" ಎಂದೆ.

ಇಮ್ರಾನ್ ಕಪ್ ಕೆಳಗಿಟ್ಟ. "ಕಥೆ ಅಲ್ಲ ಗುರು ಅದು. ಬಾತ್‌ರೂಮ್ ತೊಳಿ ಅಂತ ಹೇಳಿದ್ದು. ಈ ವಾರದ ಟರ್ನ್ ನಿಂದು, ಹೋದ ವಾರದ್ದೂ ನಿಂದೇ ಬಾಕಿ. ಅವ್ಳು ಜಿಮ್‌ಗೆ ಹೋಗೋದು ಎಕ್ಸರ್‌ಸೈಜ್‌ಗೆ ಅಂದ್ಕೊಂಡ್ಯಾ? ಸ್ನಾನಕ್ಕೆ!"

ಕಿವಿ ಬಿಸಿಯಾಯಿತು. ಮೇಲೆ ಹೋಗಿ ನೋಡಿದೆ. ಟಬ್ಬಿನ ಸುತ್ತ ಕಂದು ಗೆರೆ, ನಲ್ಲಿಯ ಬುಡದಲ್ಲಿ ಪಾಚಿ. ಇಷ್ಟು ದಿನ ಇದರಲ್ಲೇ ನಿಂತು ಹಾಡು ಬೇರೆ ಹೇಳುತ್ತಿದ್ದೆ. ಬ್ರಷ್ ಕೈಗೆತ್ತಿಕೊಂಡಾಗ ಅದಕ್ಕಿಂತ ದೊಡ್ಡ ನಾಚಿಕೆ ಕಾದಿತ್ತು: ಹುಟ್ಟಿದಾರಭ್ಯ ನಾನು ಬಚ್ಚಲು ತೊಳೆದವನೇ ಅಲ್ಲ. ಹೇಗೆಂದೂ ಗೊತ್ತಿರಲಿಲ್ಲ. ದಾವಣಗೆರೆಯಲ್ಲಿ ಮಲಗಲು ಹೊರಟಿದ್ದ ಅಮ್ಮನಿಗೆ ಫೋನ್ ಮಾಡಿದೆ.

ಅಮ್ಮ ಮೊದಲು ನಕ್ಕಳು. ಆಮೇಲೆ, "ಸೋಡಾಪುಡಿ ಉದುರಿಸಿ ಸ್ವಲ್ಪ ಹೊತ್ತು ಬಿಡು. ಬಗ್ಗಿ ಉಜ್ಜಬೇಡ, ಸೊಂಟ ಹಿಡ್ಕೊಳ್ಳುತ್ತೆ. ಮಂಡಿ ಊರಿ ಕೂತ್ಕೊ" ಎಂದಳು. ಅಮ್ಮನ ಸೊಂಟನೋವಿಗೆ ವಯಸ್ಸೇ ಕಾರಣವೆಂದು ನಾನು ಅಲ್ಲಿಯವರೆಗೆ ನಂಬಿದ್ದೆ.

ಮಂಡಿಯೂರಿ ಉಜ್ಜುತ್ತಿರುವಾಗ ಯೂಕಿ ವಾಪಸು ಬಂದಳು. ನನ್ನನ್ನು ನೋಡಿ, ತಪ್ಪು ತನ್ನದೇ ಎಂಬಂತೆ "ಸಾರಿ, ಸಾರಿ" ಎಂದು ಬಾಗಿದಳು. ನಾನೂ ಬ್ರಷ್ ಹಿಡಿದೇ ಬಾಗಿ ಸಾರಿ ಎಂದೆ. ಅವಳು ಇನ್ನಷ್ಟು ಬಾಗಿದಳು. ನಾನು ಬಿಡಲಿಲ್ಲ.

"ಸಾರಿ ಸಾಕು, ಬೇಗ ತೊಳಿಯಪ್ಪಾ! ನಂಗೆ ಡ್ಯೂಟಿಗೆ ಹೊತ್ತಾಯ್ತು" ಎಂದು ಕೆಳಗಿನಿಂದ ಇಮ್ರಾನ್ ಕೂಗಿದ.

ಬಾಯಿ ಮುಚ್ಚಿ ಉಜ್ಜಿದೆ. ಕ್ಷಮೆ ಕೇಳುವ ಕೆಲಸದಲ್ಲಿ ಬಾಯಿಗಿಂತ ಮೊಣಕೈಗೇ ದುಡಿಮೆ ಹೆಚ್ಚು.